ಅಳಿಯಸಂತಾನಕ್ಕೆ ಒಂದು ಸೀಟು

ಮೂರು ತಿಂಗಳ ಹಿಂದೆ ಸುರತ್ಕಲ್ಲಿನಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ನನ್ನ ಪಕ್ಕ ಅಳಿಯ ಕೂತಿದ್ದ. ಅಕ್ಕನ ಮಗ, ಉಡುಪಿಯಲ್ಲಿ ಬಿ.ಎಸ್ಸಿ. ಎರಡನೇ ವರ್ಷ. ಬಡಿಸುವವರು ಇನ್ನೂ ಉಪ್ಪಿನಕಾಯಿಯಲ್ಲೇ ಇದ್ದರು. ಎದುರು ಸಾಲಿನ ಹಿರಿಯರೊಬ್ಬರು ಶುರು ಮಾಡಿದರು.

“ಎಂತ ಮಾಡ್ತಾ ಇದ್ದಿ ಮಗಾ?”

“ಬಿ.ಎಸ್ಸಿ. ಫಿಸಿಕ್ಸ್.”

ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಯಾರೋ ತೀರಿಕೊಂಡ ಸುದ್ದಿ ಕೇಳಿದರೆ ಸುಮ್ಮನಾಗುತ್ತಾರಲ್ಲ, ಹಾಗೆ. ಆಮೇಲೆ ಸ್ವರ ತಗ್ಗಿಸಿ ನನ್ನನ್ನು ಕೇಳಿದರು: “ರ‍್ಯಾಂಕ್ ಬರ್ಲಿಲ್ವಾ?”

ನಮ್ಮ ಕರಾವಳಿಯಲ್ಲಿ ಬಿ.ಎಸ್ಸಿ.ಯನ್ನು ಯಾರೂ ಬೇಕೆಂದು ಆರಿಸಿಕೊಳ್ಳುವುದಿಲ್ಲ. ಸೈಕಲ್ಲಿನಿಂದ ಬಿದ್ದ ಹಾಗೆ ಅದು ಆಗಿಬಿಡುತ್ತದೆ ಎಂದೇ ಎಲ್ಲರ ನಂಬಿಕೆ. ಬಿದ್ದವನನ್ನು ಎತ್ತುವುದು ಊರಿನವರ ಕರ್ತವ್ಯ ಅಲ್ವಾ? ಪಾಯಸ ಬರುವಷ್ಟರಲ್ಲಿ ಐದು ಮಂದಿ ಅವನನ್ನು ಎತ್ತಿ ಇಂಜಿನಿಯರಿಂಗಿನ ಒಳಗೆ ಕೂರಿಸಿ ಆಗಿತ್ತು. “ಇನ್ನೂ ತಡ ಆಗ್ಲಿಲ್ಲ, ಚೇಂಜ್ ಮಾಡು” ಎಂದರು. ಚೇಂಜ್ ಮಾಡು ಅಂದರೆ ಬಸ್ಸಿನಲ್ಲಿ ಸೀಟು ಬದಲಿಸಿದ ಹಾಗೆ ಅಂತ ತಿಳಿದಿದ್ದಾರೋ ಏನೋ.

ಮನೆಗೆ ಬಂದ ಮೇಲೆ ಅಕ್ಕ ಫೋನ್ ಮಾಡಿದಳು. “ನೀನು ಮಾವ. ನೀನೇ ಹೇಳ್ಬೇಕು.”

ಇದು ಅಳಿಯಸಂತಾನದ ನಾಡು. ಹಿಂದೆ ಸೋದರಮಾವ ಅಳಿಯನಿಗೆ ಗದ್ದೆ ಕೊಡುತ್ತಿದ್ದ, ತೋಟ ಕೊಡುತ್ತಿದ್ದ. ಈಗಿನ ಮಾವಂದಿರ ಹತ್ತಿರ ಗದ್ದೆಯೂ ಇಲ್ಲ, ತೋಟವೂ ಇಲ್ಲ. ಹಾಗಾಗಿ ಸಲಹೆ ಕೊಡುತ್ತೇವೆ. ಅದಕ್ಕೆ ಖರ್ಚು ಕಡಿಮೆ.

ನನ್ನ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ನಾನು ಮೆಕ್ಯಾನಿಕಲ್ ಇಂಜಿನಿಯರ್. ಇಪ್ಪತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಕೆಲಸ. ಇದರಲ್ಲಿ ಆಶ್ಚರ್ಯ ಏನೂ ಇಲ್ಲ. 1906ರಲ್ಲಿ ಮಂಗಳೂರಿನಲ್ಲಿ ಒಂದು, ಉಡುಪಿಯಲ್ಲಿ ಒಂದು ಬ್ಯಾಂಕ್ ಹುಟ್ಟಿದಂದಿನಿಂದ ಈ ಊರಿನಲ್ಲಿ ವರ ಅಂದರೆ ಬ್ಯಾಂಕು. ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯ ಅಂತ ಒಂದೊಂದು ಮನೆಗೆ ಒಂದೊಂದು ಬ್ಯಾಂಕ್ ಇತ್ತು. 2019 ಮತ್ತು 2020ರಲ್ಲಿ ಮೂರನ್ನು ಬೇರೆಯವುಗಳ ಜೊತೆ ಸೇರಿಸಿದರು. ಆ ಹೊತ್ತಿಗೆ ಹೆಣ್ಣು ಕೊಡುವ ಮಾವಂದಿರು ಹೇಗೂ ಇಂಜಿನಿಯರಿಂಗಿಗೆ ದಾಟಿ ಆಗಿತ್ತು. ನಾನು ಎರಡೂ ಕಾಲದ ಮಾವಂದಿರಿಗೆ ಸಲ್ಲುವ ಮನುಷ್ಯ. ಓದಿದ್ದು ಇಂಜಿನಿಯರಿಂಗ್, ಕೂತದ್ದು ಬ್ಯಾಂಕಿನಲ್ಲಿ. ಕೆಲಸ ಏನು ಗೊತ್ತಾ? ಇಂಜಿನಿಯರಿಂಗ್ ಓದುವವರಿಗೆ ಸಾಲ ಕೊಡುವುದು.

ಅಳಿಯನಿಗೆ ಫಿಸಿಕ್ಸ್ ಇಷ್ಟ. ಚಿಕ್ಕವನಿದ್ದಾಗ ಕಾಪು ದೀಪಸ್ತಂಭ ನೋಡಲು ಕರಕೊಂಡು ಹೋದರೆ ಎಲ್ಲ ಮಕ್ಕಳೂ ಸಮುದ್ರ ನೋಡಿದವು. ಇವನು ಮಾತ್ರ ದೀಪದ ಗಾಜನ್ನೇ ನೋಡುತ್ತಾ ನಿಂತಿದ್ದ. ಈಗಲೂ ಲ್ಯಾಬಿನಲ್ಲಿ, ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರ್ ಸಿಕ್ಕಿದರೆ ಊಟ ಮರೆಯುತ್ತಾನೆ. ಆದರೂ ಮದುವೆಯ ಮರುದಿನದಿಂದ ತಲೆಗೆ ಹುಳ ಹೊಕ್ಕಿತು. ಹೊಗದೆ ಇನ್ನೇನು? ಅವನ ಮನೆಯಿರುವ ಕಟಪಾಡಿಯಿಂದ ಉಡುಪಿಗೆ ಹತ್ತು ಕಿಲೋಮೀಟರ್ ಒಳಗಿನ ದಾರಿ. ಅಷ್ಟರಲ್ಲಿ ಹೆದ್ದಾರಿ 66ರ ಎರಡೂ ಬದಿಯಿಂದ ರ‍್ಯಾಂಕ್ ಬಂದ ಮಕ್ಕಳು ಬೋರ್ಡಿನ ಮೇಲಿಂದ ಅವನನ್ನೇ ನೋಡುತ್ತಾರೆ. ಚುನಾವಣೆಗೆ ನಿಂತವರಿಗೂ ಅಷ್ಟು ದೊಡ್ಡ ಫೋಟೋ ಇರುವುದಿಲ್ಲ. ಸ್ಪೆಕ್ಟ್ರೋಮೀಟರಿನಲ್ಲಿ ಸೋಡಿಯಂ ಗೆರೆ ಸರಿಯಾಗಿ ಕಂಡವನ ಬೋರ್ಡ್ ಒಂದೂ ಇಲ್ಲ.

ನಮಗೆ ಅಂಕದ ಹುಚ್ಚು ಮೊದಲಿನಿಂದಲೂ ಜಾಸ್ತಿ. ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೇ ಮೊದಲು, ಉಡುಪಿ ಎರಡನೆಯದು. 2025ರಲ್ಲಿ ಉಡುಪಿ 93.90 ತೆಗೆದು ಮೇಲೆ ಹೋಯಿತು, ದಕ್ಷಿಣ ಕನ್ನಡ 93.57ರಲ್ಲಿ ಕೆಳಗೆ ಬಂತು. ಆ 0.33ರ ಬಗ್ಗೆ ಉಡುಪಿ ಜಿಲ್ಲೆಯ ಅಕ್ಕನ ಮನೆಯವರು ದಕ್ಷಿಣ ಕನ್ನಡದವನಾದ ನನಗೆ ಫೋನ್ ಮಾಡಿ ಸಂತಾಪ ಹೇಳಿದ್ದರು.

ಇರಲಿ. ‘ಚೇಂಜ್’ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿರುವ ನಮ್ಮ ದೊಡ್ಡಪ್ಪನ ಮಗಳು ವಿಡಿಯೋ ಕಾಲ್ ಮಾಡಿ, “ಇದರಲ್ಲಿ ಎಂತ ಉಂಟು, ಮೇಜರ್ ಬದಲಿಸಿದರಾಯ್ತು” ಎಂದಳು. ಅವಳು ಹೇಳಿದ್ದು ಅವಳ ಊರಿಗೆ ಸರಿ. ಅಲ್ಲಿ ಎರಡನೇ ವರ್ಷದಲ್ಲಿ ಸಲಹೆಗಾರರನ್ನು ಕಂಡು, ಅರ್ಜಿ ತುಂಬಿಸಿ, ಅದೇ ಕಾಲೇಜಿನಲ್ಲಿ ಫಿಸಿಕ್ಸಿನಿಂದ ಇಂಜಿನಿಯರಿಂಗಿಗೆ ಹೋಗುವುದುಂಟು. ಕಲಿತ ಕ್ಯಾಲ್ಕುಲಸ್, ಕಲಿತ ಮೆಕ್ಯಾನಿಕ್ಸ್ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಹಾಗಲ್ಲ. ಬಿ.ಎಸ್ಸಿ. ಬಿಟ್ಟು ಬಿ.ಇ.ಗೆ ಹೋಗುವುದು ಅಂದರೆ ಪುನರ್ಜನ್ಮ. ಟಿ.ಸಿ. ತಗೊಂಡು ಮತ್ತೆ ಸಿಇಟಿ ಬರೆಯಬೇಕು. ಫಿಸಿಕ್ಸ್ 60, ಕೆಮಿಸ್ಟ್ರಿ 60, ಗಣಿತ 60, ಒಟ್ಟು 180 ಅಂಕ. ಅದರಿಂದ ರ‍್ಯಾಂಕಿನ ಅರ್ಧ ಭಾಗ. ಉಳಿದ ಅರ್ಧ ಪಿಯುಸಿಯ ಅಂಕದಿಂದ. ಎರಡು ವರ್ಷ ಡಿಗ್ರಿಯಲ್ಲಿ ಓದಿದ್ದಕ್ಕೆ? ಸೊನ್ನೆ. ಹದಿನೇಳನೇ ವಯಸ್ಸಿನಲ್ಲಿ ಕೆಮಿಸ್ಟ್ರಿ ಪರೀಕ್ಷೆಯ ದಿನ ಜ್ವರ ಬಂದಿತ್ತು. ಆ ಜ್ವರಕ್ಕೆ ಹತ್ತೊಂಬತ್ತರಲ್ಲೂ ಬೆಲೆ ಉಂಟು.

ಸೀಟು ಸಿಕ್ಕಿದ ಮೇಲೆ ಮೊದಲ ವರ್ಷ ಅವನಿಗೆ ಕಲಿಸುವುದು ಏನು? ಫಿಸಿಕ್ಸ್.

ಇನ್ನೊಂದು ದಾರಿಯೂ ಉಂಟು. ಬಿ.ಎಸ್ಸಿ. ಪೂರ್ತಿ ಮುಗಿಸಿದವರು, ಪಿಯುಸಿಯಲ್ಲಿ ಗಣಿತ ಓದಿದ್ದರೆ, ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಇಂಜಿನಿಯರಿಂಗಿಗೆ ಸೇರಲು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ನಿಯಮದಲ್ಲಿ ಅವಕಾಶ ಇದೆ. ಸೀಟು ಇರಬೇಕು, ವಿಶ್ವವಿದ್ಯಾಲಯ ಒಪ್ಪಬೇಕು, ಅದು ಬೇರೆ ಮಾತು. ನಾನು ಕಾಗದ ತೆಗೆದು ಅಕ್ಕ, ಭಾವನ ಎದುರು ಲೆಕ್ಕ ಹಾಕಿ ತೋರಿಸಿದೆ. ಎರಡು ವರ್ಷಕ್ಕೆ ಬಿಟ್ಟರೆ 2 ಮತ್ತು 4, ಒಟ್ಟು 6. ಬಿ.ಎಸ್ಸಿ. ಮುಗಿಸಿ ಹೋದರೆ 3 ಮತ್ತು 3, ಅದೂ 6. ಎರಡನೆಯದರಲ್ಲಿ ಎರಡು ಡಿಗ್ರಿ ಸಿಗುತ್ತದೆ.

ಭಾವ ಕಾಗದವನ್ನು ಎರಡು ಸಲ ನೋಡಿದರು. “ಆದ್ರೆ ಭಾವ, ಮೊದಲನೆಯದು ಬೇಗ ಶುರುವಾಗ್ತದಲ್ಲ?”

“ಮುಗಿಯುವುದು ಒಟ್ಟಿಗೇ ಭಾವ.”

“ಮುಗಿಯುವುದು ಯಾರು ಕೇಳ್ತಾರೆ? ಈಗ ಎಂತ ಮಾಡ್ತಾನೆ ಅಂತ ಕೇಳುವುದು.”

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಭಾವ ಹೇಳಿದ್ದು ಸತ್ಯವೇ. ಪಂಕ್ತಿಯಲ್ಲಿ ಕೇಳುವುದು ವರ್ತಮಾನ ಕಾಲದಲ್ಲಿ.

ಸರಿ, ಇಂಜಿನಿಯರಿಂಗೇ ಅಂತ ಆಯಿತು. ಯಾವ ಬ್ರಾಂಚು? ಈ ಪ್ರಶ್ನೆ ಕೇಳಿದ್ದು ನನ್ನ ತಪ್ಪು. ಕಂಪ್ಯೂಟರ್ ಸೈನ್ಸ್. ಕಂಪ್ಯೂಟರ್ ಸೈನ್ಸ್ ಮತ್ತು ಡೇಟಾ ಸೈನ್ಸ್. ಕಂಪ್ಯೂಟರ್ ಸೈನ್ಸ್ ಮತ್ತು ಎಐ ಎಂಎಲ್. ಕಂಪ್ಯೂಟರ್ ಸೈನ್ಸ್ ಮತ್ತು ಸೈಬರ್ ಸೆಕ್ಯುರಿಟಿ. ಕಂಪ್ಯೂಟರ್ ಸೈನ್ಸ್ ಮತ್ತು ಐಒಟಿ. ನಮ್ಮ ಹೋಟೆಲಿನವರ ಮೈದಾ ಹಿಟ್ಟಿನ ಹಾಗೆ. ಬಾಳೆಹಣ್ಣು ಹಾಕಿ ಲಟ್ಟಿಸಿದರೆ ಬನ್ಸ್, ಮೊಸರು ಹಾಕಿ ಕಲಸಿ ಎಣ್ಣೆಗೆ ಬಿಟ್ಟರೆ ಗೋಳಿಬಜೆ. ಬನ್ಸಿಗೂ ಗೋಳಿಬಜೆಗೂ ರುಚಿಯಲ್ಲಿ ವ್ಯತ್ಯಾಸವಾದರೂ ಉಂಟು. ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನು, ಚೆನ್ನಾಗಿ ನಡೆಯುವ ಕಾಲೇಜುಗಳ ಮಟ್ಟಿಗೆ, 2024ರಿಂದ ಎಐಸಿಟಿಇ ತೆಗೆದೇ ಬಿಟ್ಟಿದೆ. ಇನ್ನು ಹಿಟ್ಟು ಎಷ್ಟು ಬೇಕಾದರೂ ಕಲಸಬಹುದು.

ನಾನು ಮೆಲ್ಲಗೆ “ಸಿವಿಲ್?” ಎಂದೆ. ಎಲ್ಲರೂ ನಕ್ಕರು. ನಾನು ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆಯನ್ನು ನೆನಪಿಸಿದೆ. ಮನೆಗೊಬ್ಬ ಇಂಜಿನಿಯರ್ ಇರುವ ಊರಿನಲ್ಲಿ ಆ ಸೇತುವೆ ವರ್ಷಗಟ್ಟಲೆ ಜೋಕಾಗಿ ನಿಂತಿತ್ತು. ಕೊನೆಗೂ ಓಡಾಟಕ್ಕೆ ತೆರೆದದ್ದು 2020ರ ಜನವರಿಯಲ್ಲಿ. ಸಿವಿಲ್ ಓದಿದವರು ಇನ್ನೂ ಸ್ವಲ್ಪ ಬೇಕಲ್ವಾ? “ಅದಕ್ಕೇ ಬೇಡ ಹೇಳಿದ್ದು” ಎಂದಳು ಅಕ್ಕ.

ಸೀಟು ಹಂಚುವ ಪದ್ಧತಿ ಮಾತ್ರ ನನಗೆ ಬಹಳ ಇಷ್ಟ. ಸೀಟು ಬಂದಾಗ ನಾಲ್ಕು ಚಾಯ್ಸ್ ಕೊಡುತ್ತಾರೆ. ಒಂದು, ನನಗೆ ಇದು ಸಾಕು, ಸೇರುತ್ತೇನೆ. ಎರಡು, ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಒಳ್ಳೆಯದು ಸಿಕ್ಕಿದರೆ ಅದಕ್ಕೆ ಹೋಗುತ್ತೇನೆ. ಮೂರು, ಇದು ಬೇಡ, ಮುಂದಿನದು ನೋಡುವ. ನಾಲ್ಕು, ನನ್ನನ್ನು ಬಿಟ್ಟುಬಿಡಿ. ಈ ಪದ್ಧತಿಯನ್ನು ಹೆಣ್ಣು ನೋಡುವ ಶಾಸ್ತ್ರಕ್ಕೆ ತಂದರೆ ಎರಡನೇ ಚಾಯ್ಸಿನವನಿಗೆ ಹುಡುಗಿಯ ಅಣ್ಣಂದಿರು ಎಷ್ಟನೇ ಸುತ್ತಿನಲ್ಲಿ ಸಿಗುತ್ತಾರೆ ಅಂತ ಯೋಚಿಸುತ್ತಿದ್ದೇನೆ.

ತೀರ್ಮಾನ ಆಗದೆ ಕೊನೆಗೆ ಜೋಯಿಸರ ಹತ್ತಿರ ಹೋದೆವು. ಅವರು ಕವಡೆ ಹಾಕಿದರು, ಕಣ್ಣು ಮುಚ್ಚಿದರು, ತೆರೆದರು. “ಪಿಸಿಎಂ ಎಷ್ಟು?” ಎಂದರು. ಭಾವ ಹೇಳಿದರು. ಜೋಯಿಸರು ಇನ್ನೊಮ್ಮೆ ಕವಡೆ ಹಾಕಿದರು. “ಗ್ರಹಗಳು ಮಣ್ಣಿನ ಕೆಲಸ ತೋರಿಸ್ತವೆ. ಆದರೆ ನೀವು ಕಂಪ್ಯೂಟರ್ ಸೈನ್ಸೇ ಹಾಕಿ. ನನ್ನ ಮಗನೂ ಬೆಂಗಳೂರಲ್ಲಿ ಅದೇ ಮಾಡುವುದು.”

ದಾರಿಯಲ್ಲಿ ನಾನು ಕೊನೆಯ ಅಸ್ತ್ರ ತೆಗೆದೆ. ನಮ್ಮ ಉಡುಪಿ ಸೀಮೆಯ ಅದಮಾರಿನ ಯು.ಆರ್. ರಾವ್ ಓದಿದ್ದು ಫಿಸಿಕ್ಸ್. ಬನಾರಸಿನಲ್ಲಿ ಎಂ.ಎಸ್ಸಿ. 1975ರಲ್ಲಿ ಆರ್ಯಭಟ ಉಪಗ್ರಹ ಮೇಲೆ ಹೋಯಿತಲ್ಲ, ಅದನ್ನು ಕಟ್ಟಿದ ತಂಡದ ಮುಖ್ಯಸ್ಥರು ಅವರೇ. ಆಮೇಲೆ ಹತ್ತು ವರ್ಷ ಇಸ್ರೋ ಅಧ್ಯಕ್ಷರು. ಇಂಜಿನಿಯರುಗಳೆಲ್ಲ ಅವರ ಕೈ ಕೆಳಗೆ.

“ಅದು ಬೇರೆ” ಎಂದರು ಭಾವ.

ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯ ಪ್ರೊಫೆಸರರ ಮಗ ಕೆ.ಎಲ್. ರಾಹುಲ್. ಇಂಜಿನಿಯರಿಂಗಿನ ಮಡಿಲಲ್ಲೇ ಬೆಳೆದವನು, ಬ್ಯಾಟು ಹಿಡಿದ.

“ಅದೂ ಬೇರೆ.”

ವಿಶ್ವೇಶ್ವರಯ್ಯನವರು? ಬೆಂಗಳೂರಿನಲ್ಲಿ ಬಿ.ಎ. ಮುಗಿಸಿದ್ದು 1881ರಲ್ಲಿ. ಆಮೇಲೆ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. ಡಿಗ್ರಿ ಮುಗಿಸಿ ಹೋದದ್ದು, ಅರ್ಧಕ್ಕೆ ಬಿಟ್ಟು ಹೋದದ್ದಲ್ಲ.

ಅಕ್ಕ ಹಿಂದಿನ ಸೀಟಿನಿಂದ ಮುಂದೆ ಬಾಗಿದಳು. “ನೋಡು! ಅವರೂ ಚೇಂಜ್ ಮಾಡಿದ್ದಾರೆ!”

ಆ ದಿನದಿಂದ ನಾನು ಉದಾಹರಣೆ ಕೊಡುವುದನ್ನು ನಿಲ್ಲಿಸಿದೆ.

ಇಷ್ಟೆಲ್ಲದರ ನಡುವೆ ಹುಡುಗ ಒಂದು ದಿನ ನನ್ನ ಬ್ಯಾಂಕಿಗೆ ಬಂದ. ನನ್ನ ಮೇಜಿನ ಎದುರು ಇಬ್ಬರು ಅಪ್ಪಂದಿರು ಕೂತಿದ್ದರು, ಅವರ ಹಿಂದೆ ಇಬ್ಬರು ಮಕ್ಕಳು ನಿಂತಿದ್ದರು. ಅಪ್ಪಂದಿರು ಮಾತಾಡಿದರು, ಮಕ್ಕಳು ಸಹಿ ಹಾಕಿದರು. 7.5 ಲಕ್ಷ ದಾಟಿದರೆ ಸಾಮಾನ್ಯವಾಗಿ ಅಡವು ಬೇಕು, ಕೋರ್ಸು ಮುಗಿದು ಒಂದು ವರ್ಷದ ತನಕ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಸುಮ್ಮನೆ ಕೂರುವುದಿಲ್ಲ. ಇದನ್ನೇ ದಿನಕ್ಕೆ ಹತ್ತು ಸಲ ಹೇಳುತ್ತೇನೆ. ಅವರು ಎದ್ದು ಹೋದ ಮೇಲೆ ಅಳಿಯ ಆ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

“ಮಾವ, ಇದರಲ್ಲಿ ಅಪ್ಪನ ಸಂಬಳ ಕೇಳಿದ್ದಾರೆ, ಮನೆಯ ಆರ್‌ಟಿಸಿ ಕೇಳಿದ್ದಾರೆ. ಇವನಿಗೆ ಇದು ಇಷ್ಟವಾ ಅಂತ ಎಲ್ಲಿ ಕೇಳಿದ್ದಾರೆ?”

“ಅದಕ್ಕೆ ಕಾಲಂ ಇಲ್ಲ ಮಾರಾಯ.”

“ನಿಮಗೆ ಇಂಜಿನಿಯರಿಂಗ್ ಎಲ್ಲಿ ಉಪಯೋಗಕ್ಕೆ ಬಂತು?”

ನಾನು ನಿಜಕ್ಕೂ ಯೋಚಿಸಿದೆ. ನಮ್ಮ ಮಿಕ್ಸಿ ಕೆಟ್ಟರೆ ಹೆಂಡತಿ ನನ್ನ ಕೈಗೆ ಕೊಡುವುದಿಲ್ಲ. “ಮದುವೆಗೆ” ಎಂದೆ.

ಅವನು ನಗಲಿಲ್ಲ. ಚಾ ಕುಡಿದು ಹೋದ.

ಕಳೆದ ವಾರ ಉಡುಪಿಯಲ್ಲಿ ಇನ್ನೊಂದು ಮದುವೆ. ನೀರುದೋಸೆ, ಕೋಳಿ ಸುಕ್ಕ, ಮತ್ತೆ ಅದೇ ಪ್ರಶ್ನೆ. ಈ ಸಲ ಕೇಳಿದ್ದು ಭಾವನ ಕಡೆಯ ಒಬ್ಬ ಅತ್ತೆ. “ಎಂತ ಮಾಡ್ತಾ ಇದ್ದಿ ಮಗಾ?” ನಾನು ಎಲೆಯ ಮೇಲೆ ಕಣ್ಣಿಟ್ಟೆ. ಅಕ್ಕ ನೀರಿನ ಲೋಟ ಹಿಡಿದಳು.

ಅಳಿಯ ದೋಸೆ ಮುರಿಯುತ್ತಾ ಹೇಳಿದ: “ಇಂಜಿನಿಯರಿಂಗ್ ಫಿಸಿಕ್ಸ್.”

ಅತ್ತೆಯ ಮುಖ ಅರಳಿತು. “ಓ! ಹೊಸ ಬ್ರಾಂಚಾ? ಎಐ ಉಂಟಾ ಅದರಲ್ಲಿ?”

“ಉಂಟು ಅತ್ತೆ.”

“ಡಿಮ್ಯಾಂಡ್?”

“ಸೀಟೇ ಇಲ್ಲ.”

ಸೀಟಿಲ್ಲ ಎಂದದ್ದೇ ತಡ, ಪಂಕ್ತಿ ಪೂರ್ತಿ ಇವನ ಕಡೆ ತಿರುಗಿತು. ಪಕ್ಕದವರು ಹೆಸರು ಬರೆದುಕೊಂಡರು. ಎರಡು ಎಲೆ ಆಚೆ ಕೂತವರು ಕಂಪೆನಿ ಯಾವುದು ಬರುತ್ತದೆ ಎಂದು ಕೇಳಿದರು, ಇವನು ಇಸ್ರೋ ಎಂದ. ಅಕ್ಕ ಲೋಟ ಕೆಳಗಿಟ್ಟು ಇನ್ನೊಂದು ತುಂಡು ಹಾಕಿಸಿಕೊಂಡಳು. ಮಗ ಸುಳ್ಳು ಹೇಳಿದ್ದಕ್ಕೆ ಬೈಯಲಿಲ್ಲ. ಬಿಡಿ, ಅದು ಪೂರ್ತಿ ಸುಳ್ಳೂ ಅಲ್ಲ. ಐಐಟಿಯಲ್ಲಿ ಆ ಹೆಸರಿನ ಓದು ನಿಜಕ್ಕೂ ಇದೆ. ಇವನು ಓದುತ್ತಿರುವುದು ಅದಲ್ಲ, ಅಷ್ಟೇ.

ಸೋಮವಾರ ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆರೆಯುವ ಮೊದಲೇ ಅತ್ತೆಯ ಫೋನ್ ಬಂತು. ಅವರ ಮೊಮ್ಮಗಳು ಪಿಯುಸಿ ಮುಗಿಸಿದ್ದಾಳಂತೆ.

“ಆ ಇಂಜಿನಿಯರಿಂಗ್ ಫಿಸಿಕ್ಸಿಗೆ ಸಾಲ ಎಷ್ಟು ಸಿಗ್ತದೆ ಮಾರಾಯ?”

“ಅಡವಿಗೆ ಎಂತ ಉಂಟು ಅತ್ತೆ?” ಎಂದು ಕೇಳಿದೆ.