ಬಳೆ ಅಳತೆ

ಧಾರವಾಡದ ಭಾವ ಮೊನ್ನೆ ಕಟಪಾಡಿಗೆ ಬಂದಿದ್ದರು. ಒಂದು ದಿನ ಬಿಡುವಿತ್ತು, ಮಂಗಳೂರು ನೋಡಿ ಬರೋಣ ಅಂದೆ. "ಅಲ್ಲೆ ಗಲಾಟಿ-ಗಿಲಾಟಿ ಏನಿಲ್ಲಲ್ಲ?" ಎಂದು ಕೇಳಿದರು. ನಗು ಬಂತು. ಸ್ವಲ್ಪ ಸಿಟ್ಟೂ ಬಂತು. ಅವರದೇನು ತಪ್ಪು ಬಿಡಿ, ಟಿವಿಯಲ್ಲಿ ನಮ್ಮ ಮಂಗಳೂರು ಕಾಣಿಸುವುದೇ ನಿಷೇಧಾಜ್ಞೆ ಹಾಕಿದಾಗ.

ಎಕ್ಸ್‌ಪ್ರೆಸ್ ಬಸ್ ಹತ್ತಿದೆವು. ಡ್ರೈವರ್ ಪಕ್ಕ ಮಲ್ಲಿಗೆಯ ಕಟ್ಟುಗಳಿದ್ದವು, ಶಂಕರಪುರದ್ದು. ಭಾವನಿಗೆ ಲೆಕ್ಕ ಹೇಳಿದೆ: 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬೆಳೆಯುವವರಲ್ಲಿ ಕ್ರೈಸ್ತರು ತುಂಬಾ ಜನ. ಮೊಗ್ಗು ಬಿರಿಯುವ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟುತ್ತಾರೆ. ಆ ಹೂವು ದೇವಸ್ಥಾನಕ್ಕೆ ಹೋಗುತ್ತದೆ, ಭೂತದ ಕೋಲಕ್ಕೆ ಹೋಗುತ್ತದೆ, ಭಟ್ಕಳದ ಮುಸ್ಲಿಮರ ಮದುವೆಗೂ ಹೋಗುತ್ತದೆ. ಯಾರ ಅಂಗಳದ್ದು ಅಂತ ಯಾರೂ ಕೇಳುವುದಿಲ್ಲ. ರೇಟು ಮಾತ್ರ ಎಲ್ಲರೂ ಕೇಳುತ್ತಾರೆ.

ಮೂಲ್ಕಿ ಬಂತು. ಬಪ್ಪನಾಡು ದುರ್ಗಾಪರಮೇಶ್ವರಿಯ ಕಥೆ ಹೇಳದಿದ್ದರೆ ಹೇಗೆ? ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯ ದೋಣಿ ಶಾಂಭವಿ ಹೊಳೆಯಲ್ಲಿ ಸಿಕ್ಕಿಕೊಂಡಿತಂತೆ. ದೇವಿ ಕನಸಿನಲ್ಲಿ ಬಂದಳಂತೆ. ಅವನು ಮೂಲ್ಕಿಯ ಜೈನ ಅರಸ ಸಾವಂತರ ನೆರವಿನಿಂದ ಗುಡಿ ಕಟ್ಟಿಸಿದನಂತೆ. ಜಾತ್ರೆಯ ಪ್ರಸಾದ ಇವತ್ತಿಗೂ ಬಪ್ಪನ ಮನೆತನಕ್ಕೆ ಸಲ್ಲುತ್ತದೆ. ಭಾವ "ಭಾಳ ಛಲೋ ಐತಿ" ಅಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ 2022ರ ಮಾರ್ಚ್‌ನಲ್ಲಿ ಇದೇ ಜಾತ್ರೆಗೆ ಮುಸ್ಲಿಂ ವ್ಯಾಪಾರಿಗಳು ಬರಬಾರದು ಎಂಬ ಬ್ಯಾನರ್ ಬಿದ್ದದ್ದನ್ನೂ ಹೇಳಿದೆ. ಮತ್ತೆ ಸುರತ್ಕಲ್ ತನಕ ಇಬ್ಬರೂ ಮಾತಾಡಲಿಲ್ಲ.

ಹಂಪನಕಟ್ಟೆಯಲ್ಲಿ ಇಳಿದೆವು. ಮೊದಲು ಮಿಲಾಗ್ರಿಸ್ ಚರ್ಚ್. 1680ರಲ್ಲಿ ಶುರುವಾದ ಚರ್ಚನ್ನು 1784ರಲ್ಲಿ ಟಿಪ್ಪು ಕೆಡವಿಸಿದ. ಸಾವಿರಾರು ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದೂ ಅದೇ ವರ್ಷ. 2008ರ ಸೆಪ್ಟೆಂಬರ್ 14ರ ಭಾನುವಾರ ದಾಳಿಯಾದ ಸನ್ಯಾಸಿನಿಯರ ಪ್ರಾರ್ಥನಾ ಮಂದಿರ ಇರುವುದೂ ಇಲ್ಲೇ ಹತ್ತಿರ. ಅಲ್ಲಿಂದ ನಡೆದುಕೊಂಡೇ ಬಂದರಿನ ಝೀನತ್ ಬಕ್ಷ್ ಮಸೀದಿಗೆ ಹೋದೆವು. ಕ್ರಿ.ಶ. 644ರಷ್ಟು ಹಳೆಯದು ಎಂಬ ನಂಬಿಕೆ ಅದಕ್ಕಿದೆ. ಅರಬ್ ವ್ಯಾಪಾರಿಗಳ ಹಾದಿಯಲ್ಲಿ ಬಂದ ಮಸೀದಿ, ಟಿಪ್ಪು ಕಾಲದಲ್ಲಿ ಜೀರ್ಣೋದ್ಧಾರ ಆಯಿತು. ಒಳಗಿನ ಮರದ ಕೆತ್ತನೆ ನಮ್ಮ ಗುತ್ತಿನ ಮನೆಗಳ, ಅಂದರೆ ತುಳುನಾಡಿನ ಹಳೇ ಜಮೀನ್ದಾರಿ ಮನೆಗಳ, ಕೆಲಸವನ್ನೇ ನೆನಪಿಸುತ್ತದೆ. ಕೆಡವಿದವನೂ ಅವನೇ, ಸರಿ ಮಾಡಿಸಿದವನೂ ಅವನೇ. ಯಾವುದು ಬೇಕೋ ಅದನ್ನು ಹಿಡಿದುಕೊಂಡು ಎರಡೂ ಕಡೆಯವರು ಬೈದಾಡಬಹುದು. ಬೈದಾಡುತ್ತಲೂ ಇದ್ದೇವೆ, ಅಲ್ವಾ?

ಇದೇ ಆಸುಪಾಸಿನಲ್ಲಿ 2019ರ ಡಿಸೆಂಬರ್ 19ರಂದು ಪೌರತ್ವ ಕಾಯ್ದೆ ವಿರುದ್ಧದ ಪ್ರತಿಭಟನೆಯ ವೇಳೆ ಪೊಲೀಸ್ ಗೋಲಿಬಾರ್ ಆಗಿ ಇಬ್ಬರು ಸತ್ತರು. ಈಗ ಅಕ್ಕಿ ಮೂಟೆ ಇಳಿಸುವವರ ಕೂಗಾಟ, ಒಣಮೀನಿನ ವಾಸನೆ. ತುಳು, ಬ್ಯಾರಿ, ಕೊಂಕಣಿ ಎಲ್ಲದರಲ್ಲೂ ಚೌಕಾಸಿ ನಡೆದಿತ್ತು.

ನಮ್ಮದು ಸೌಹಾರ್ದದ ಬೀಡು ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಒಬ್ಬರ ಮನೆಯಲ್ಲಿ ಒಬ್ಬರು ಕೂತು ಉಂಡದ್ದು ಯಾವತ್ತೂ ಕಡಿಮೆಯೇ. ಧರ್ಮದ ಮಾತು ಬಿಡಿ, ಕುದ್ರೋಳಿಯಲ್ಲಿ ನಾರಾಯಣ ಗುರುಗಳು 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ್ದು ಬಿಲ್ಲವರನ್ನು ಬೇರೆ ದೇವಸ್ಥಾನಗಳ ಒಳಗೆ ಬಿಡುತ್ತಿರಲಿಲ್ಲ ಎಂದೇ. ನಮ್ಮ ನಡುವೆ ಇದ್ದದ್ದು ಕೊಡು-ಕೊಳ್ಳುವಿಕೆ. ಬಾಯಿ ತುಂಬಾ ಮಾತು, ಹಬ್ಬಕ್ಕೆ ಸಾಲ, ಮುಂದಿನ ಜಾತ್ರೆಗೆ ತೀರಿಸುವುದು. ಅದು ದೊಡ್ಡ ವಿಷಯ ಅಂತ ನನಗೂ ಗೊತ್ತಿರಲಿಲ್ಲ. ಅಂಗಡಿ ಹಾಕಬೇಡಿ ಅಂದ ವರ್ಷ ಗೊತ್ತಾಯಿತು.

ಆ ವರ್ಷ ನಮ್ಮ ಕಡೆಯ ಒಂದು ಜಾತ್ರೆಗೆ ನಾನೂ ಹೋಗಿದ್ದೆ. ಪ್ರತಿ ವರ್ಷ ಗೇಟಿನ ಬಲಕ್ಕೆ ಕೂರುವ ಬಳೆ ಕಾಕಾ ಇರಲಿಲ್ಲ. ಆ ಜಾಗದಲ್ಲಿ ಬಲೂನಿನವನಿದ್ದ. ನಾನು ಯಾರ ಹತ್ತಿರವೂ ಏನೂ ಕೇಳಲಿಲ್ಲ. ಚುರುಮುರಿ ತಿಂದು ಮನೆಗೆ ಬಂದೆ. ಇದನ್ನು ಇಷ್ಟು ವರ್ಷ ಎಲ್ಲೂ ಬರೆದಿರಲಿಲ್ಲ.

ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಮೊಸ್ಕೇನಿ ಗೋಡೆ, ಚಾವಣಿಯ ಮೇಲೆಲ್ಲಾ ಬರೆದ ಚಿತ್ರಗಳನ್ನು ನೋಡಿ ನೋಡಿ ಭಾವನ ಕುತ್ತಿಗೆ ಹಿಡಿದುಕೊಂಡಿತು. ಗಡ್‌ಬಡ್ ಐಸ್‌ಕ್ರೀಂ ತಿಂದ ಮೇಲೆ ಸರಿಹೋಯಿತು. ಹೊರಡುವ ಮುಂಚೆ ಅಕ್ಕನಿಗೆ ಗಾಜಿನ ಬಳೆ ಒಯ್ಯಬೇಕು ಅಂದರು. ಅಂಗಡಿಯವರು "ಸೈಜ್ ಎಷ್ಟು?" ಎಂದರು. ಭಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಪ್ಪತ್ತು ವರ್ಷದ ಸಂಸಾರ, ಹೆಂಡತಿಯ ಬಳೆ ಅಳತೆ ಗೊತ್ತಿಲ್ಲ ಮಾರಾಯ್ರೆ!

ಅಕ್ಕನಿಗೆ ಫೋನ್ ಹಚ್ಚಿದೆವು.

"ನಂಗೇನು ಗೊತ್ತು?" ಎಂದಳು ಅಕ್ಕ. "ಜಾತ್ರೆಯಲ್ಲಿ ಕಾಕಾ ಕೈ ಹಿಡಿದು ನೋಡಿ ಅವರೇ ತೊಡಿಸ್ತಿದ್ರಲ್ಲ. ಅವರನ್ನೇ ಕೇಳು."