ಅದನ್ನು ಹಪ್ಪಳ ಅನ್ನಬೇಡಿ

ರೋಮ್‌ನ ತೆಳ್ಳಗಿನ ಪಿಜ್ಜಾವನ್ನು ಹಪ್ಪಳ ಅಂದುಬಿಟ್ಟರು, ನಿನ್ನೆ ರಾತ್ರಿಯಿಂದ ಮನಸ್ಸಿಗೆ ಕಿರಿಕಿರಿ. ಬರೆದೇ ಮಲಗುತ್ತೇನೆ.

ಬೆಂಗಳೂರಿನಿಂದ ಬಂದ ಪರಿಚಯದವರನ್ನು ಟೆಸ್ಟಾಚೊಗೆ ಕರೆದುಕೊಂಡು ಹೋಗಿದ್ದೆ. ಗೊತ್ತಲ್ಲ, ರೋಮ್‌ಗೆ ಬಂದ ಹೊಸದರಲ್ಲಿ ನಾನು ಬಾಡಿಗೆಗಿದ್ದ ಏರಿಯಾ, ಹಳೇ ಕಸಾಯಿಖಾನೆಯ ಹತ್ತಿರ. ಪಿಜ್ಜೇರಿಯಾ ಬಾಗಿಲಲ್ಲಿ ಮುಕ್ಕಾಲು ಗಂಟೆ ನಿಂತೆವು. ಒಳಗೆ ಪಕ್ಕದ ಟೇಬಲ್ಲಿನವರ ಮೊಣಕೈ ನಮ್ಮ ತಟ್ಟೆಗೆ ತಾಗುವಷ್ಟು ಜನ. ಬೇಕಾದ್ದಕ್ಕೆ ಚೀಟಿಯಲ್ಲಿ ಗುರುತು ಹಾಕಿ ಕೊಟ್ಟೆವು. ಮೊದಲು ಸುಪ್ಲಿ ಬಂತು. ಟೊಮೆಟೊ ಅನ್ನದ ಕರಿದ ಉಂಡೆ, ಮುರಿದರೆ ಒಳಗಿನ ಚೀಸ್ ದಾರದ ಹಾಗೆ ಎಳೆಯುತ್ತದೆ. ಎಲ್ಲರಿಗೂ ಖುಷಿ.

ಆಮೇಲೆ ಪಿಜ್ಜಾ. ತಟ್ಟೆಯಿಂದ ಆಚೆ ಚಾಚಿಕೊಂಡಿತ್ತು, ಅಂಚಲ್ಲಿ ಅಲ್ಲಲ್ಲಿ ಕಪ್ಪು. ಅವರು ಒಂದಾದ ಮೇಲೊಂದು ಫೋಟೊ ತೆಗೆದರು. ತೆಗೆದು ಮುಗಿಸಿ ಒಂದು ತುಂಡು ಎತ್ತಿದರು. ಅಂಚು ಪಟ್ ಅಂತ ಮುರಿಯಿತು. "ಏನ್ರೀ ಇದು, ಹಪ್ಪಳ! ನಿಜವಾದ ಪಿಜ್ಜಾ ನೇಪಲ್ಸ್‌ನಲ್ಲೇ ತಿನ್ನಬೇಕು" ಅಂದರು. ನಾನು ಸುಮ್ಮನಾದೆ. ಆಗಬಾರದಿತ್ತು.

ಇಷ್ಟು ತೆಳ್ಳಗಿರುವುದು ತಪ್ಪಿ ಆದದ್ದಲ್ಲ, ಬೇಕೆಂದೇ ಮಾಡಿದ್ದು. ನೇಪಲ್ಸ್‌ನಲ್ಲಿ ಹಿಟ್ಟನ್ನು ಕೈಯಲ್ಲೇ ತಟ್ಟಿ, ಗಾಳಿಯನ್ನು ಅಂಚಿಗೆ ತಳ್ಳುತ್ತಾರೆ. ಅದಕ್ಕೇ ಅಂಚು ಉಬ್ಬುತ್ತದೆ. ಒಲೆಯಲ್ಲಿ 60ರಿಂದ 90 ಸೆಕೆಂಡ್, ಅಷ್ಟೇ. ರೋಮ್‌ನಲ್ಲಿ ಹಿಟ್ಟಿಗೆ ಸ್ವಲ್ಪ ಎಣ್ಣೆ ಬೀಳುತ್ತದೆ. ಲಟ್ಟಣಿಗೆಯಲ್ಲಿ ಒತ್ತಿ ಒತ್ತಿ ಗಾಳಿ ತೆಗೆಯುತ್ತಾರೆ. ಒಲೆಯ ಬಿಸಿ ಸ್ವಲ್ಪ ಕಡಿಮೆ, ಬೇಯುವ ಹೊತ್ತು ಜಾಸ್ತಿ. ಕರುಂ ಅನ್ನುವ ಈ ಪಿಜ್ಜಾಕ್ಕೆ ಇಲ್ಲಿಯವರು ಪ್ರೀತಿಯಿಂದ ಇಟ್ಟ ಹೆಸರೇ ಸ್ಕ್ರೋಕ್ಕಿಯಾರೆಲ್ಲಾ.

2017ರಲ್ಲಿ ಯುನೆಸ್ಕೊದ ಪರಂಪರೆ ಪಟ್ಟಿಗೆ ಸೇರಿದ್ದು ನೇಪಲ್ಸ್ ಅಲ್ವಾ ಅಂತೀರಿ. ಹೌದು. ಸೇರಿದ್ದು ಅಲ್ಲಿನ ಪಿಜ್ಜಾ ಮಾಡುವವರ ಕಲೆ, ಅದಕ್ಕೆ ನನ್ನದೂ ನಮಸ್ಕಾರ. ಹಾಗಂತ ಬೇರೆ ಊರಿನ ಪಿಜ್ಜಾ ಸುಳ್ಳಾಗುತ್ತದಾ? ಸೆಟ್ ದೋಸೆ ಮೆತ್ತಗಿದೆ ಅಂತ ಪೇಪರ್ ದೋಸೆಯನ್ನು ಯಾರಾದರೂ ಬೈಯುತ್ತಾರಾ?

ಒಂದು ಮಾತು ಒಪ್ಪಿಕೊಳ್ಳಬೇಕು. ಮೊದಲ ಸಲ ನಾನೂ ಅರ್ಧ ಬಿಟ್ಟು ಎದ್ದಿದ್ದೆ. ನನ್ನ ಮನಸ್ಸು ಬದಲಿಸಿದ್ದು ಅಮ್ಮ. ಇಲ್ಲಿಗೆ ಬಂದಾಗ ಅವರಿಗೆ ಮರಿನಾರಾ ಪಿಜ್ಜಾ ಹೇಳಿದ್ದೆ. ಚೀಸ್ ಇಲ್ಲ. ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ. ಬಿಸಿ ಇರುವಾಗಲೇ ಕೈಯಲ್ಲಿ ಮುರಿದು, ಅಂಚಿನಿಂದ ಶುರು ಮಾಡಿ, ಪೂರ್ತಿ ತಿಂದರು. ನಾನು ಹಪ್ಪಳ ಅಂದದ್ದಕ್ಕೆ, "ವರ್ಷಾ ವರ್ಷಾ ಹಪ್ಪಳ ಒತ್ತಿದ ಕೈ ಕಣೋ ಇದು, ನನಗೆ ಹೇಳ್ತೀಯಾ? ಹಪ್ಪಳ ಪೂರ್ತಿ ಮುರಿಯುತ್ತೆ. ಇದು ಅಂಚಲ್ಲಿ ಮುರಿಯುತ್ತೆ, ನಡುವೆ ಮೆತ್ತಗಿದೆ. ಕಾವಲಿಯಿಂದ ಈಗಷ್ಟೇ ತೆಗೆದ ಅಕ್ಕಿ ರೊಟ್ಟಿ ಹಾಗೆ" ಅಂದರು. ಆ ರೊಟ್ಟಿಯನ್ನು ತಣ್ಣಗಾಗಲು ಬಿಟ್ಟು ತಿಂದು, ಗಟ್ಟಿಯಾಗಿದೆ ಅಂದರೆ ಅಮ್ಮ ಬಿಡುತ್ತಿದ್ದರಾ? ನಿನ್ನೆ ಆಗಿದ್ದೂ ಅದೇ. ಇಷ್ಟು ತೆಳ್ಳಗಿನದು ಫೋಟೊ ಮುಗಿಯುವವರೆಗೆ ಕಾಯುವುದಿಲ್ಲ.

ನಾಳೆ ಅವರು ನೇಪಲ್ಸ್‌ಗೆ ಹೋಗುತ್ತಾರೆ. ಹೊಟ್ಟೆ ತುಂಬಾ ತಿಂದು ಬರಲಿ. ವಾಪಸ್ ಬಂದ ರಾತ್ರಿ ಮತ್ತೆ ಟೆಸ್ಟಾಚೊಗೇ ಕರೆದುಕೊಂಡು ಹೋಗುತ್ತೇನೆ. ಮೊಬೈಲ್ ಜೇಬಲ್ಲಿಡಿ ಅಂತ ಈ ಸಲ ಮೊದಲೇ ಹೇಳುತ್ತೇನೆ.