ಕೈಗೆಟುಕದ ಗಾಜು, ಕೈತೊಳೆದುಕೊಂಡ ಮಹನೀಯರು

ಕಟ್ಟಡದ ನಕ್ಷೆಗಳಲ್ಲಿ ಓಡಾಡುವ ಪುಟ್ಟ ಕಪ್ಪು ಮನುಷ್ಯರನ್ನು ಗಮನಿಸಿದ್ದೀರಾ? ಒಬ್ಬಾಕೆ ಕೈಚೀಲ ಹಿಡಿದು ಎಲ್ಲಿಗೋ ಹೊರಟಿರುತ್ತಾಳೆ. ಒಬ್ಬ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿರುತ್ತಾನೆ. ಇನ್ನೊಬ್ಬನಿಗೆ ಮಾಡಲು ಕೆಲಸವೇ ಇಲ್ಲ, ಇಪ್ಪತ್ತು ಅಡಿ ಎತ್ತರದ ಗಾಜಿನಿಂದ ಇಳಿದು ಬರುವ ಬೆಳಕನ್ನು ನೋಡುತ್ತ ನಿಂತಿರುತ್ತಾನೆ. ಬಕೆಟ್ ಹಿಡಿದವನು ಮಾತ್ರ ಯಾವ ನಕ್ಷೆಯಲ್ಲೂ ಕಾಣಸಿಗುವುದಿಲ್ಲ. ಆ ಲೋಕದಲ್ಲಿ ಧೂಳಿಲ್ಲ, ಜೇಡವಿಲ್ಲ, ಅಡುಗೆಮನೆಯ ಎಣ್ಣೆಹೊಗೆಯಿಲ್ಲ.

ಕಟ್ಟಡ ಎದ್ದು ಗೃಹಪ್ರವೇಶವೋ ಉದ್ಘಾಟನೆಯೋ ಮುಗಿದು ಕೆಲವು ತಿಂಗಳಾದ ಮೇಲೆ ಎಲ್ಲರೂ ಒಮ್ಮೆಲೇ ತಲೆಯೆತ್ತಿ ನೋಡುತ್ತಾರೆ. "ಅಲ್ಲ, ಆ ಗಾಜು ಒರೆಸೋಕೆ ಅಲ್ಲಿಗೆ ಹತ್ತೋದು ಹೇಗೆ?" ಆರ್ಕಿಟೆಕ್ಟರನ್ನು ಕೇಳಿದರೆ ಅದು ಮೆಂಟೆನೆನ್ಸ್‌ನವರ ವಿಷಯ. ಮೆಂಟೆನೆನ್ಸ್‌ನವರ ಪ್ರಕಾರ ಅದು ಹೌಸ್‌ಕೀಪಿಂಗ್. ಹೌಸ್‌ಕೀಪಿಂಗ್ ಸೂಪರ್‌ವೈಸರ್ ತನ್ನ ಕೆಳಗಿನ ಹುಡುಗನ ಮುಖ ನೋಡುತ್ತಾನೆ. ಹುಡುಗ ತನ್ನ ಕೈಯಲ್ಲಿರುವ ಐದಡಿ ಕೋಲನ್ನು ನೋಡಿಕೊಳ್ಳುತ್ತಾನೆ. ಅವನ ಕೆಳಗೆ ಯಾರೂ ಇಲ್ಲವಾದ್ದರಿಂದ ವಿಷಯ ಅಲ್ಲಿಗೆ ಇತ್ಯರ್ಥವಾಗುತ್ತದೆ.

ಹೊರಮೈ ಗಾಜಿನ ಯೋಗವೇ ಬೇರೆ. ಅದಕ್ಕೆಂದು ಛಾವಣಿಯ ಮೇಲೆ ಹಳಿ ಹಾಸಿರುತ್ತಾರೆ, ಹಳಿಯ ಮೇಲೊಂದು ಕ್ರೇನು, ಕ್ರೇನಿಗೊಂದು ತೊಟ್ಟಿಲು, ಹಗ್ಗ ಬಿಗಿಯಲು ಪರೀಕ್ಷೆ ಮಾಡಿದ ಕೊಂಡಿಗಳು. ಅದೇ ಗಾಜಿನ ಒಳಮೈ ಇರುವುದು ಒಂದಿಂಚು ಈಚೆಗೆ. ಆ ಒಂದಿಂಚು ದಾಟುವಷ್ಟರಲ್ಲಿ ಇಂಜಿನಿಯರಿಂಗ್ ಮುಗಿದುಹೋಗಿ ಸ್ಟೂಲು ಶುರುವಾಗುತ್ತದೆ.

ಇದು ಯಾರಿಗೂ ಹೊಳೆಯದ ವಿಷಯ ಎನ್ನುವಂತೆಯೂ ಇಲ್ಲ. 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸುಮಾರು 3 ಲಕ್ಷ ಗಾಜುಗಳ ಕ್ರಿಸ್ಟಲ್ ಪ್ಯಾಲೇಸ್ ಎಂಬ ಪ್ರದರ್ಶನ ಭವನ ನಿಲ್ಲಿಸಿದಾಗ, ಗಾಜು ಕೂರಿಸುವವರು ಕುಳಿತು ಸಾಗಲು ಛಾವಣಿಯ ನೀರುಕಾಲುವೆಗಳ ಮೇಲೆಯೇ ಓಡುವ ಗಾಲಿಬಂಡಿಗಳನ್ನು ಮಾಡಿಸಿದ್ದ. ಕಸ ತಾನೇ ಕೆಳಗೆ ಉದುರಲೆಂದು ನೆಲದ ಹಲಗೆಗಳ ನಡುವೆ ಸಂದು ಬಿಡಿಸಿದ್ದ. ಗುಡಿಸುವುದಕ್ಕೆ ಯಂತ್ರವನ್ನೂ ಯೋಚಿಸಿದ್ದ, ಆದರೆ ನೋಡಲು ಬಂದ ಹೆಂಗಸರ ನೆಲ ಸೋಕುವ ಲಂಗಗಳೇ ಆ ಕೆಲಸ ಮಾಡಿ ಮುಗಿಸಿದವಂತೆ. ಬ್ರಿಟನ್ನಿನ 1992ರ ಕೆಲಸದ ಸ್ಥಳಗಳ ನಿಯಮಾವಳಿಯಲ್ಲಿ ಹದಿನಾರನೆಯ ನಿಯಮ ಇದಕ್ಕೇ ಮೀಸಲು: ಎಲ್ಲ ಕಿಟಕಿ, ಸ್ಕೈಲೈಟುಗಳನ್ನು ಅಪಾಯವಿಲ್ಲದೆ ಒರೆಸಲು ಬರುವಂತೆಯೇ ವಿನ್ಯಾಸ ಮಾಡಿರಬೇಕು. ನಡುವೆ 1989ರಲ್ಲಿ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ 21 ಮೀಟರ್ ಎತ್ತರದ ಗಾಜಿನ ಪಿರಮಿಡ್ ಎದ್ದು, ಅದನ್ನು ಒರೆಸಲು ಪರ್ವತಾರೋಹಿಗಳನ್ನು ಕರೆಸಬೇಕಾಯಿತು. ಪ್ಯಾಕ್ಸ್‌ಟನ್ ಮೂಲತಃ ತೋಟಗಾರ. ಕಸ ಗುಡಿಸಿ ಗೊತ್ತಿದ್ದವನು.

ಮನೆಗಳ ವಿಷಯಕ್ಕೆ ಬರೋಣ. ಕಿಟಕಿಯನ್ನು ಒರೆಸಲಾಗದಂತೆ ಇಡುವ ಅತ್ಯುತ್ತಮ ಜಾಗ ಮೆಟ್ಟಿಲ ಮೇಲಿನ ಗೋಡೆ. ಒರಗುವ ಏಣಿಯ ಲೆಕ್ಕ ಸರಳ: ತಲೆ ನಾಲ್ಕು ಮೀಟರ್ ಎತ್ತರದಲ್ಲಿ ತಾಗಿದರೆ ಬುಡ ಗೋಡೆಯಿಂದ ಒಂದು ಮೀಟರ್ ದೂರವಿರಬೇಕು, ಅಂದರೆ ಸುಮಾರು 75 ಡಿಗ್ರಿ. ಆ ಒಂದು ಮೀಟರ್ ಲೆಕ್ಕಹಾಕಿ ಬುಡ ಊರಲು ಹೋದರೆ ಅಲ್ಲಿ ನೆಲವೇ ಇಲ್ಲ, ಮೆಟ್ಟಿಲಿದೆ. ಏಣಿಯ ಒಂದು ಕಾಲು ಏಳನೆಯ ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ. ಆಗ ಮನೆಯ ಹಿರಿಯರೊಬ್ಬರು ಆ ಕಾಲಿನ ಕೆಳಗಿಡಲು ಎರಡು ದಪ್ಪ ಪುಸ್ತಕ ತರುತ್ತಾರೆ. ಕಾಲುಗಳನ್ನು ಬೇರೆಬೇರೆ ಉದ್ದಕ್ಕೆ ಹೊಂದಿಸಬಹುದಾದ ಏಣಿಗಳು ಸಿಗುತ್ತವೆ, ಆದರೆ ಅವು ಅಂಗಡಿಯಲ್ಲಿರುತ್ತವೆ, ಪುಸ್ತಕ ಕೈಗೆ ಸಿಗುತ್ತದೆ. ಇನ್ನು ಏಣಿಯ ತಲೆ ಗಾಜಿಗೇ ತಾಗುವಂತೆ ಒರಗಿಸುವ ಧೀರರೂ ಇದ್ದಾರೆ. ಅವರು ಕಿಟಕಿಯ ಸಮಸ್ಯೆಯನ್ನು ಬುಡಸಮೇತ ಬಗೆಹರಿಸಬಲ್ಲರು.

ಏಣಿ ಹತ್ತಿದವನ ಮೈ ಸದಾ ಮೂರು ಕಡೆ ಏಣಿಗೆ ತಾಗಿರಬೇಕು ಎಂಬುದು ಸುರಕ್ಷತೆಯ ಮೊದಲ ಪಾಠ. ಎರಡು ಕಾಲು, ಒಂದು ಕೈ. ಉಳಿದ ಇನ್ನೊಂದು ಕೈಯಲ್ಲಿ ಅವನು ಬಕೆಟ್ ಹಿಡಿಯಬೇಕು, ನೀರು ಹಚ್ಚಬೇಕು, ವೈಪರ್ ಎಳೆಯಬೇಕು, ಬಟ್ಟೆಯಿಂದ ಅಂಚು ಒರೆಸಬೇಕು ಮತ್ತು ಕೆಳಗಿನಿಂದ "ಎಡಗಡೆ ಮೂಲೆ ಬಿಟ್ಟುಹೋಯ್ತಲ್ಲಪ್ಪ" ಎಂದವರಿಗೆ ಸನ್ನೆಯಲ್ಲಿ ಉತ್ತರ ಕೊಡಬೇಕು. ಮಡಚುವ ಏಣಿಯ ತುತ್ತತುದಿಯ ಎರಡು ಮೆಟ್ಟಿಲುಗಳ ಮೇಲೆ ನಿಲ್ಲಬೇಡಿ ಎಂದು ಅದರ ಮೈಮೇಲೆಯೇ ಅಂಟಿಸಿರುತ್ತಾರೆ. ಕಿಟಕಿ ಎಟುಕುವುದು ಸರಿಯಾಗಿ ಆ ಎರಡು ಮೆಟ್ಟಿಲುಗಳಿಂದ ಮಾತ್ರ.

ಆದ್ದರಿಂದ ಕೆಲಸ ಬಲ್ಲವರು ಏಣಿಯನ್ನು ಆದಷ್ಟು ಮೂಲೆಯಲ್ಲೇ ಬಿಡುತ್ತಾರೆ. ನೆಲದ ಮೇಲೆ ನಿಂತು, ಉದ್ದ ಮಾಡಬಹುದಾದ ಕೋಲಿನಿಂದ ಕೆಲಸ ಮುಗಿಸುತ್ತಾರೆ. ಆರು ಮೀಟರ್ ಎತ್ತರದ ಗಾಜಿನ ನೆತ್ತಿಗೆ ನಾಲ್ಕೂವರೆಯಿಂದ ಐದು ಮೀಟರ್ ಕೋಲು ಸಾಲುತ್ತದೆ, ಉಳಿದದ್ದು ಮನುಷ್ಯನ ಎತ್ತರ. ಇಷ್ಟು ಸಾಕು ಎಂದರೆ ಮಾಲೀಕರು ಒಪ್ಪುವುದಿಲ್ಲ, ಒಂಬತ್ತು ಮೀಟರಿನದೇ ತರಿಸುತ್ತಾರೆ. ಪೂರ್ತಿ ಎಳೆದ ಅಲ್ಯೂಮಿನಿಯಂ ಕೋಲಿನ ತುದಿ ತೂಗಾಡತೊಡಗಿದರೆ ಗಾಜು ಬಿಟ್ಟು ದೀಪದ ಗೊಂಚಲು ಸ್ವಚ್ಛವಾಗುತ್ತದೆ. ಕಾರ್ಬನ್ ಫೈಬರಿನದು ಹಗುರ, ತೂಗಾಟವೂ ಕಡಿಮೆ. ಎರಡೂ ವಿದ್ಯುತ್ ಹರಿಸುತ್ತವೆ, ಆದ್ದರಿಂದ ಆಸುಪಾಸಿನ ದೀಪಗಳ ಸ್ವಿಚ್ ಆರಿಸಿಯೇ ಕೋಲೆತ್ತಬೇಕು.

ಮೊದಲ ತಪ್ಪು ನೀರಿನಿಂದ ಆರಂಭಿಸುವುದು. ಎತ್ತರದ ಚೌಕಟ್ಟಿನ ಮೇಲ್ಪಟ್ಟಿಯಲ್ಲಿ ವರ್ಷಗಟ್ಟಲೆ ಕೂತ ಧೂಳಿಗೆ ನೀರು ತಾಗಿಸಿದರೆ ಅದು ಕೆಸರಾಗಿ ಹೊಸ ಬಣ್ಣದ ಗೋಡೆಯುದ್ದಕ್ಕೂ ಇಳಿಯುತ್ತದೆ. ಒಣ ಬ್ರಷ್ಷು ಅಥವಾ ಉದ್ದ ಕೊಳವೆಯ ವ್ಯಾಕ್ಯೂಮಿನಿಂದ ಬಲೆ, ಧೂಳು ತೆಗೆದ ಮೇಲೆಯೇ ಬಕೆಟ್ಟಿಗೆ ಕೈ ಹಾಕುವುದು. ಕೆಳಗೆ ದಪ್ಪ ಹತ್ತಿಬಟ್ಟೆ ಹಾಸಬೇಕು. ಪ್ಲಾಸ್ಟಿಕ್ ಹಾಸಿದರೆ ನೆಲ ಒಣಗಿರುತ್ತದೆ, ಅದರ ಮೇಲೆ ಮನುಷ್ಯ ಜಾರಿ ಬಿದ್ದಿರುತ್ತಾನೆ.

ಎರಡನೆಯದು ಸೋಪಿನ ಔದಾರ್ಯ. ಐದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಟೀ ಚಮಚ ಸಾಕು. ವೈಪರಿನ ರಬ್ಬರ್ ಜಾರಲು ಬೇಕಾದಷ್ಟು ಜಿಡ್ಡು ಅಷ್ಟರಲ್ಲೇ ಇದೆ. ಹೆಚ್ಚು ಸುರಿದರೆ ಹೆಚ್ಚು ಸ್ವಚ್ಛ ಎಂದು ನಂಬಿದವರ ಗಾಜಿನ ಮೇಲೆ ಸೋಪಿನ ಪದರವೇ ಒಣಗಿ, ಮುಂದಿನ ಧೂಳಿಗೆ ಅಂಟಿನಂತೆ ಕೆಲಸ ಮಾಡುತ್ತದೆ. ನೀರು ಹಚ್ಚುವ ಮೈಕ್ರೋಫೈಬರ್ ಮಾಪನ್ನು ತೊಟ್ಟಿಕ್ಕದ ಹಾಗೆ ಹಿಂಡಬೇಕು. ಹೊರಗಡೆ ನೀರು ಸುರಿಸುತ್ತ ತಿಕ್ಕುವ ಕೊಳವೆಕೋಲನ್ನು ಒಳಗೆ ತಂದವರ ಸೋಫಾಗಳ ಬಗ್ಗೆ ಮಾತಾಡದಿರುವುದೇ ಮರ್ಯಾದೆ.

ಕೋಲಿನ ತುದಿಗೆ 35 ಸೆಂಟಿಮೀಟರ್ ವೈಪರ್ ಸಾಕು. ಅಗಲ ಹೆಚ್ಚಿದಷ್ಟೂ ರಬ್ಬರಿನ ಒಂದು ಬದಿ ಗಾಜು ಬಿಟ್ಟು ಏಳುತ್ತದೆ. ಕೆಳಗೆ ನಿಂತವನ ಕೋಲು ಓರೆಯಾಗಿಯೇ ಮೇಲೇರುವುದರಿಂದ ವೈಪರಿನ ಮೂತಿ ಬಾಗುವಂತೆ ನಡುವೆ ಒಂದು ತಿರುಗು ಕೊಂಡಿ ಬೇಕು, ಇದಿಲ್ಲದಿದ್ದರೆ ಗಾಜಿಗೆ ತಾಗುವುದು ರಬ್ಬರಲ್ಲ, ಅದರ ಲೋಹದ ಹಿಡಿ. ಮೇಲಿನಿಂದ ಕೆಳಕ್ಕೆ ನೇರ ಎಳೆತ, ಪ್ರತಿ ಎಳೆತವೂ ಹಿಂದಿನದರ ಮೇಲೆ ಮೂರು ನಾಲ್ಕು ಸೆಂಟಿಮೀಟರ್ ಹತ್ತಿರಬೇಕು, ರಬ್ಬರು ತುಸು ಓರೆಯಾಗಿದ್ದು ನೀರನ್ನು ಒದ್ದೆಯಿರುವ ಬದಿಗೇ ತಳ್ಳುತ್ತಿರಬೇಕು. ಪ್ರತಿ ಎಳೆತದ ನಂತರ ಕೋಲಿಳಿಸಿ ರಬ್ಬರ್ ಒರೆಸಬೇಕು, ಮತ್ತೆ ಏರಿಸಬೇಕು. ಇದನ್ನು ಕೆಳಗೆ ಕುರ್ಚಿಯಲ್ಲಿ ಕೂತು ನೋಡುವವರಿಗೆ ಕೆಲಸಗಾರ ಕಾಲ ಕಳೆಯುತ್ತಿದ್ದಾನೆ ಅನ್ನಿಸುತ್ತದೆ. ಹಾಗೆ ಅನ್ನಿಸಿದವರಿಗೆ ಒಂದೈದು ನಿಮಿಷ ಕೋಲು ಕೊಡಬಹುದು.

ಎಲ್ಲ ಮುಗಿಸಿ ಸಾಮಾನು ಕಟ್ಟಿದ ಹತ್ತು ನಿಮಿಷಕ್ಕೆ ಗಾಜಿನ ನೆತ್ತಿಯಿಂದ ಒಂದು ಹನಿ ಹೊರಡುತ್ತದೆ. ಮೇಲಂಚಿನ ಸಂದಿನಲ್ಲಿ ರಬ್ಬರ್ ತಲುಪದ ಒಂದೆರಡು ಮಿಲಿಮೀಟರ್ ಜಾಗದಲ್ಲಿ ಅಡಗಿದ್ದ ನೀರದು. ನಿಧಾನವಾಗಿ, ಇಡೀ ಗಾಜಿನ ನಟ್ಟನಡುವೆ ಗೆರೆ ಎಳೆಯುತ್ತ ಇಳಿಯುತ್ತದೆ. ಕೋಲಿಗೆ ಒಣ ಮೈಕ್ರೋಫೈಬರ್ ಸುತ್ತಿ ಮೇಲಂಚು, ಪಕ್ಕದ ಅಂಚುಗಳನ್ನು ಮೊದಲೇ ಒರೆಸಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಈ ರಗಳೆಯೇ ಬೇಡವೆನ್ನುವವರಿಗೆ ಲವಣ ತೆಗೆದ ಶುದ್ಧ ನೀರು ಚಿಮುಕಿಸಿದ ಚಪ್ಪಟೆ ಪ್ಯಾಡಿದೆ. ನೀರಿನಲ್ಲಿ ಕರಗಿದ್ದೇನೂ ಇಲ್ಲದ್ದರಿಂದ ಒಣಗಿದಾಗ ಉಳಿಯುವುದೂ ಏನಿಲ್ಲ. ಮನೆಯೊಳಗಿನ ಎತ್ತರದ ಗಾಜಿಗೆ, ಎಣ್ಣೆಜಿಡ್ಡು ತೀರಾ ಇಲ್ಲದಿದ್ದರೆ, ನಮ್ಮ ಮತ ಇದಕ್ಕೇ.

ಆದರೆ ಉಪಾಯಗಳಿಗೆ ಬರವೇ? ಹಳೆ ಪೇಪರಿನಲ್ಲಿ ತಿಕ್ಕಿ ಎನ್ನುತ್ತಾರೆ. ಗಾಜು ಹೊಳೆಯಬಹುದು, ಶಾಯಿ ಮಾತ್ರ ಬಿಳಿ ಚೌಕಟ್ಟಿಗೆ ಮೆತ್ತಿಕೊಳ್ಳುತ್ತದೆ. ವಿನೆಗರ್ ಎನ್ನುತ್ತಾರೆ. ಅದರ ಹನಿ ಅಮೃತಶಿಲೆಯ ದಂಡೆಯ ಮೇಲೆ ಬಿದ್ದರೆ ಆಮ್ಲ ಕಲ್ಲನ್ನು ತಿಂದು ಹೊಳಪು ಹೋಗುತ್ತದೆ. ಅಮೋನಿಯಾ ಬೆರೆತ ಸ್ಪ್ರೇ ಎನ್ನುತ್ತಾರೆ. ಬಿಸಿಲು ತಡೆಯುವ ಫಿಲ್ಮನ್ನು ಸಾಮಾನ್ಯವಾಗಿ ಅಂಟಿಸುವುದೇ ಗಾಜಿನ ಒಳಮೈಗೆ, ಅಮೋನಿಯಾ ಅದನ್ನು ಮಬ್ಬು ಮಾಡಿ ಅಂಚು ಎಬ್ಬಿಸುತ್ತದೆ. ಹೊಸದಾಗಿ ಅಂಟಿಸಿದ್ದರೆ ತಿಂಗಳ ಕಾಲ ಮುಟ್ಟಲೇಬಾರದು. ಬಣ್ಣದ ಚುಕ್ಕಿ ಕಂಡೊಡನೆ ಬ್ಲೇಡು ಹಿಡಿಯುವವರ ಕೈ ಅಂತೂ ಕಟ್ಟಿಹಾಕಬೇಕು, ಅದರ ಕೆಳಗೆ ಫಿಲ್ಮ್ ಇದ್ದರೆ ಕಥೆ ಮುಗಿಯಿತು.

ಈಚಿನ ಅವತಾರ ರೋಬೋಟು. ಗಾಳಿ ಹೀರಿ ಗಾಜಿಗೆ ಕಚ್ಚಿಕೊಂಡು ತಾನೇ ಓಡಾಡಿ ಒರೆಸುತ್ತದೆ, ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಬ್ಯಾಟರಿಯಿದೆ. ಅಕಸ್ಮಾತ್ ಕಳಚಿ ಬೀಳಬಾರದೆಂದು ಅದಕ್ಕೊಂದು ಸುರಕ್ಷತಾ ಹಗ್ಗ. ಹಗ್ಗವನ್ನು ಗಟ್ಟಿಯಾದ ಜಾಗಕ್ಕೆ, ಮೇಲ್ಗಡೆ ಕಟ್ಟಬೇಕು. ಎತ್ತರಕ್ಕೆ ಮನುಷ್ಯ ಹತ್ತದಿರಲೆಂದು ತಂದ ಯಂತ್ರಕ್ಕೆ ಹಗ್ಗ ಕಟ್ಟಲು ಮನುಷ್ಯ ಎತ್ತರಕ್ಕೆ ಹತ್ತಬೇಕು. ಬೆಕ್ಕಿನ ಕೊರಳಿನ ಗಂಟೆಗೂ ಈಗ ಚಾರ್ಜರ್ ಬಂದಿದೆ, ಅಷ್ಟೇ.

ವಾಣಿಜ್ಯ ಕಟ್ಟಡಗಳಲ್ಲಿ ಅಸಂಗತಕ್ಕೆ ಬಜೆಟ್ಟೂ ಇರುತ್ತದೆ. ಹನ್ನೆರಡು ಮೀಟರ್ ಲಾಬಿಯ ಗಾಜಿಗೆ ಸಿಸರ್ ಲಿಫ್ಟ್, ಅಂದರೆ ಕತ್ತರಿಯಂತೆ ಬಿಚ್ಚಿಕೊಂಡು ಮೇಲೇರುವ ಅಟ್ಟಣೆ, ತರಿಸೋಣ ಎಂದು ತೀರ್ಮಾನವಾಗುತ್ತದೆ. ಬಾಗಿಲಿನೊಳಗೆ ತೂರುವ, 80 ಸೆಂಟಿಮೀಟರಿಗಿಂತ ಕಿರಿದಾದ ಮಾದರಿಗಳು ಇವೆ, ನಿಜ. ಆದರೆ ಅವುಗಳಲ್ಲಿ ಹಲವು ಒಂದು ಟನ್ನಿಗಿಂತ ಹೆಚ್ಚು ತೂಗುತ್ತವೆ, ಆ ಭಾರವೆಲ್ಲ ನಾಲ್ಕು ಚಿಕ್ಕ ಚಕ್ರಗಳ ಕೆಳಗೆ. ನೆಲ ತಡೆಯುತ್ತದೆಯೇ ಎಂದು ಕೇಳಿದರೆ ಇಟಾಲಿಯನ್ ಮಾರ್ಬಲ್ ಎಂದು ಉತ್ತರ ಬರುತ್ತದೆ. ಕೇಳಿದ್ದು ಚಪ್ಪಡಿಯ ಊರಲ್ಲ, ಅದರ ಕೆಳಗಿನ ಸ್ಲ್ಯಾಬು ಪ್ರತಿ ಚದರ ಮೀಟರಿಗೆ ಎಷ್ಟು ಹೊರುತ್ತದೆ ಎಂಬುದು. ಅದು ಗೊತ್ತಿರುವ ಇಂಜಿನಿಯರ್ ಕೆಲಸ ಬಿಟ್ಟು ಹೋಗಿರುತ್ತಾರೆ. ಹಾಗೂ ಹೀಗೂ ಲಿಫ್ಟು ಒಳಗೆ ಬಂದರೆ, ಗಾಜಿನ ಬುಡದಲ್ಲೇ ರಿಸೆಪ್ಶನ್ ಮೇಜು, ಅದರ ಪಕ್ಕ ಕಾಂಕ್ರೀಟಿನ ಹೂಕುಂಡ, ಅದರಾಚೆ ಎರಡು ಮೆಟ್ಟಿಲು ಕೆಳಗಿಳಿದ ಕೂರುವ ಜಾಗ. ಸಿಸರ್ ಲಿಫ್ಟು ನೇರ ಮೇಲೇರುತ್ತದೆ, ಪಕ್ಕಕ್ಕೆ ಕೈ ಚಾಚುವುದಿಲ್ಲ. ಕೈ ಚಾಚುವ ಸ್ಪೈಡರ್ ಲಿಫ್ಟ್ ತನ್ನ ನಾಲ್ಕು ಕಾಲು ಊರಲು ಹೆಚ್ಚುಕಡಿಮೆ ಮೂರು ಮೀಟರ್ ಚೌಕ ಕೇಳುತ್ತದೆ. ಆ ಚೌಕದಲ್ಲಿ ಸಂಸ್ಥಾಪಕರ ಪ್ರತಿಮೆಯಿದೆ.

ಟೆಂಡರ್ ಓದಬೇಕು ನೀವು. ಗಾಜು ತಿಂಗಳಿಗೊಮ್ಮೆ ಗೆರೆಯಿಲ್ಲದಂತೆ ಸ್ವಚ್ಛವಾಗಬೇಕು. ಸುರಕ್ಷತಾ ವಿಭಾಗದ ಅಪ್ಪಣೆಯಂತೆ ಏಣಿ ಬಳಸಕೂಡದು. ಒಳಾಂಗಣ ವಿಭಾಗದಂತೆ ನೆಲಕ್ಕೆ ಹನಿ ಬೀಳಕೂಡದು. ಆಡಳಿತ ವಿಭಾಗದಂತೆ ಕಚೇರಿ ಸಮಯದಲ್ಲಿ ಕೆಲಸ ಕೂಡದು. ವಿದ್ಯುತ್ ಉಳಿತಾಯ ಸಮಿತಿಯಂತೆ ಕಚೇರಿ ಸಮಯದ ನಂತರ ದೀಪ ಕೂಡದು. ಇಷ್ಟನ್ನೂ ಪಾಲಿಸುವ ಪ್ರಾಣಿ ಒಂದೇ, ಬಾವಲಿ, ಅದು ಕನಿಷ್ಠ ದರ ಕೋಟ್ ಮಾಡಿದರೆ ಗುತ್ತಿಗೆ ಅದಕ್ಕೇ. ಅಂದಹಾಗೆ ಯಾರ ಕೈಯೂ ತಾಗದ ಎತ್ತರದ ಒಳಗಾಜಿಗೆ ತಿಂಗಳಿಗೊಮ್ಮೆ ಬೇಕೇ ಇಲ್ಲ, ವರ್ಷಕ್ಕೆ ಒಂದೆರಡು ಸಲ ಸಾಕು. ಹತ್ತಿರ ಅಡುಗೆಕೋಣೆಯಿದ್ದರೆ ಇನ್ನೊಂದೆರಡು ಸಲ. ದಿನವೂ ಒರೆಸಬೇಕಾದದ್ದು ಬಾಗಿಲ ಗಾಜು, ಅದಕ್ಕೆ ಟೆಂಡರಿನಲ್ಲಿ ಉಲ್ಲೇಖವಿಲ್ಲ.

ಇನ್ನು ಪರಿಶೀಲನೆ. ಎಳೆಬಿಸಿಲು ಓರೆಯಾಗಿ ಗಾಜಿಗೆ ಬಡಿಯುವ ಬೆಳಗಿನ ಅರ್ಧ ಗಂಟೆ ಒಂದಿದೆ, ಆಗ ಪ್ರಪಂಚದ ಅತ್ಯುತ್ತಮ ಕೆಲಸದಲ್ಲೂ ಗೆರೆ ಕಾಣುತ್ತದೆ. ದೊಡ್ಡ ಸಾಹೇಬರು ವರ್ಷವಿಡೀ ಹತ್ತೂವರೆಗೆ ಬರುವವರು ಅವತ್ತು ಏಳಕ್ಕೇ ಬರುತ್ತಾರೆ. ಕತ್ತಲಾದ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದ್ದರೆ ಅವೇ ಗೆರೆಗಳು ಹಿಂದಿನ ರಾತ್ರಿಯೇ ಸಿಕ್ಕಿಬೀಳುತ್ತಿದ್ದವು.

ಸಾಹೇಬರ ಅಸಮಾಧಾನದ ಮೇರೆಗೆ ಸಭೆ ಸೇರುತ್ತದೆ. ಎರಡು ಗಂಟೆ ಚರ್ಚೆಯಾಗಿ ಗಾಜು ಒರೆಸುವುದರ ಬದಲು ಮುಚ್ಚುವುದೇ ಮೇಲೆಂದು ಒಮ್ಮತ ಮೂಡುತ್ತದೆ. ಬೆಳಕಿಗಾಗಿ ಕೋಟಿಗಟ್ಟಲೆ ಸುರಿದು ಮಾಡಿಸಿದ ಗಾಜಿಗೆ ಮೋಟಾರು ಪರದೆ ಬರುತ್ತದೆ, ಒಳಗೆ ಹಗಲೂ ದೀಪ ಉರಿಯುತ್ತದೆ. ಪರದೆಯ ಮಡಿಕೆಗಳಲ್ಲಿ ಧೂಳು ಕೂರಲು ಶುರುವಾಗಿದೆ. ಅದರ ಮೋಟಾರನ್ನು ಕಿಟಕಿಯ ನೆತ್ತಿಗಿಂತ ಅರ್ಧ ಮೀಟರ್ ಮೇಲಕ್ಕೆ ಕೂರಿಸಿದ್ದಾರೆ, ಮತ್ತು ತಯಾರಕರ ಕೈಪಿಡಿಯ ಪ್ರಕಾರ ಅದಕ್ಕೆ ಆರು ತಿಂಗಳಿಗೊಮ್ಮೆ ಸರ್ವೀಸ್ ಆಗಬೇಕು.